ವಜನ್ ಇದ್ದ ಪಾಠ

ನನ್ನ ಮಾತಿಗೆ ವಜನ್ ಇದೆ ಎಂದು ಯಾರಾದರೂ ಹೇಳಿದರೆ ನಾನು ಒಂದು ಕ್ಷಣ ಹಿಗ್ಗುತ್ತೇನೆ, ಮರುಕ್ಷಣವೇ ಹೆದರುತ್ತೇನೆ. ಕಾರಣ ಹೇಳಲು ನಾಚಿಕೆ, ಆದರೂ ಹೇಳಿಬಿಡುತ್ತೇನೆ. ನಮ್ಮ ಕಡೆ ಈ ವಜನ್ ಎಂಬ ಶಬ್ದ ಬಹಳ ಉಪಯೋಗದ್ದು. ಜೋಳದ ಚೀಲಕ್ಕೂ ವಜನ್ ಇರುತ್ತದೆ, ಹಿರಿಯರ ಮಾತಿಗೂ ಇರುತ್ತದೆ. ಚೀಲದ್ದನ್ನು ತಕ್ಕಡಿ ಹೇಳುತ್ತದೆ. ಮಾತಿನದನ್ನು ಸಾಮಾನ್ಯವಾಗಿ ಮಾತಾಡುವವನೇ ಹೇಳಿಕೊಳ್ಳುತ್ತಾನೆ.

ಆಗಿನ್ನೂ ಚಪ್ಪಲಿ ಕಳಚಿ ಕಂಪ್ಯೂಟರ್ ಕೋಣೆಗೆ ಹೋಗುವ ಕಾಲ. ನಾನು ನರಗುಂದದಲ್ಲಿ ಇತಿಹಾಸದ ಮಾಸ್ತರ. ಮನೆಯಲ್ಲೇ ಓದಿ ಬಿ.ಎ. ಪರೀಕ್ಷೆಗೆ ಕೂಡುವವರಿಗಾಗಿ ಪಾಠಗಳನ್ನು ಇಂಟರ್‌ನೆಟ್ಟಿಗೆ ಹಾಕುವ ಕೆಲಸ ಶುರುವಾಗಿತ್ತು. ಚಾಲುಕ್ಯರು ನನ್ನ ಪಾಲಿಗೆ ಬಂದರು. ಮೊದಲು ಸರಳವಾಗಿ ಟೈಪು ಮಾಡಿದೆ. ಬೇರೆ ಕಂಪ್ಯೂಟರಿನಲ್ಲಿ ನಮ್ಮ ಕನ್ನಡದ ಫಾಂಟ್ ಇರಲಿಲ್ಲ. ತೆರೆದು ನೋಡಿದರೆ ಚಾಲುಕ್ಯ ವಂಶವಿಡೀ ಡಾಲರ್ ಗುರುತು, ಪ್ರಶ್ನಾರ್ಥಕ ಚಿಹ್ನೆಗಳಾಗಿ ಸಾಲು ನಿಂತಿತ್ತು. ನಾನೇನು ಕಡಿಮೆ ಆಸಾಮಿಯೇ? ಒಂದೊಂದು ಪುಟವನ್ನೂ ಪ್ರಿಂಟ್ ತೆಗೆದು, ಸ್ಕ್ಯಾನ್ ಮಾಡಿ, ಚಿತ್ರವಾಗಿಸಿ, ಒಂದೇ ಫೈಲಿಗೆ ಸೇರಿಸಿಬಿಟ್ಟೆ. ಇನ್ನು ಅಕ್ಷರ ಒಡೆಯುವ ಮಾತೇ ಇಲ್ಲ. ಹೇಗೂ ಚಿತ್ರವೇ ಆಯಿತಲ್ಲ ಎಂದು ಸುತ್ತ ಗುಲಾಬಿ ಹೂವಿನ ಅಂಚು, ಮೊದಲ ಪುಟಕ್ಕೆ ಕೋಟು ತೊಟ್ಟ ನನ್ನದೇ ಭಾವಚಿತ್ರ.

ಒಂದು ದಿನ ಗಜೇಂದ್ರಗಡದಿಂದ ಫೋನ್ ಬಂತು. ಅಲ್ಲಿನ ಬಸ್‌ಸ್ಟ್ಯಾಂಡಿನ ಹತ್ತಿರ ಎರಡು ಕಂಪ್ಯೂಟರಿನ ಇಂಟರ್‌ನೆಟ್ ಅಂಗಡಿ ನಡೆಸುವ ಶಮೀಮಬಾನು ಮಾತಾಡುತ್ತಿದ್ದಳು.

“ಸರ, ನಿಮ್ಮ ಪಾಠದ್ದು ವಜನ್ ಭಾಳ ಐತ್ರಿ.”

ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. “ಎಲ್ಲಾ ಹಿರೇರ ಆಶೀರ್ವಾದ ನೋಡವ್ವಾ” ಎಂದೆ.

ಅವಳು ಬಹಳ ಮರ್ಯಾದೆಯಿಂದ, “ಹಂಗಲ್ರಿ ಸರ. ವಜನ್ ಫೈಲಿಂದ್ರಿ, ಇಳಿಯಾಕ ಒಲ್ಲದು. ಮುಶಿಗೇರಿ ನೀಲವ್ವ ಎರಡ ಸೋಮವಾರ ಬಂದು ಖಾಲಿ ಕೈಲೆ ಹೋದ್ಲು. ಪರೀಕ್ಷಾ ಮುಂದಿನ ತಿಂಗಳ ಐತಿ” ಎಂದಳು.

ಮುಂದಿನ ಸೋಮವಾರ ನಾನೇ ಹೋದೆ. ನೀಲವ್ವ ಆಗಲೇ ಬಂದು ಕೂತಿದ್ದಳು, ಅಂಗನವಾಡಿ ಟೀಚರ್. ಡಿಗ್ರಿಯಾದರೆ ಮೇಲ್ವಿಚಾರಕಿಯ ಹುದ್ದೆಗೆ ಅರ್ಜಿ ಹಾಕಬಹುದೆಂಬ ಆಸೆ. ಇತಿಹಾಸ ಒಂದೇ ವಿಷಯ ಉಳಿದಿತ್ತು. ಪರದೆಯ ಮೇಲೆ ಫೈಲ್ ಎಷ್ಟು ಇಳಿಯಿತೆಂದು ತೋರಿಸುವ ನೀಲಿ ಪಟ್ಟಿ ಹೊಲದಲ್ಲಿ ಎತ್ತು ನಡೆದಂತೆ ನಡೆದಿತ್ತು. ಅರ್ಧ ದಾಟಿತು, ಮುಕ್ಕಾಲು ದಾಟಿತು, ಫೋನಿನ ಲೈನು ಕಡಿಯಿತು. ಮತ್ತೆ ಮೊದಲಿಂದ. ಹೊರಗೆ ಅವಳ ಊರಿನ ಬಸ್ಸು ಹಾರ್ನ್ ಹಾಕಿತು. ಅವಳು ಸೆರಗು ಸರಿಮಾಡಿಕೊಂಡು ಎದ್ದಳು.

“ಇರ್ಲಿ ಬಿಡ್ರಿ ಸರ. ಈ ಸಲ ಪರೀಕ್ಷಾ ಬಿಟ್ಟಬಿಡ್ತೇನಿ.”

ಸಿಟ್ಟು ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸಮಾಧಾನದಿಂದ ಹೇಳಿದ್ದಕ್ಕೆ ನನಗೆ ಬಹಳ ಸಂಕಟವಾಯಿತು.

ಅವಳು ಹೋದ ಮೇಲೆ ಶಮೀಮಬಾನು ತಾನು ಹಿಂದೊಮ್ಮೆ ಬೆಳಗ್ಗೆ ಬೇಗ ಎದ್ದು, ಲೈನು ಖಾಲಿ ಇದ್ದಾಗ ಇಳಿಸಿಟ್ಟಿದ್ದ ನನ್ನ ಇನ್ನೊಂದು ಪುಟ್ಟ ಪಾಠವನ್ನು ತೆರೆದಳು. ಗುಲಾಬಿಯ ಮೇಲೆ ಬೆರಳಿಟ್ಟು, “ಇದು ಪರೀಕ್ಷಾದಾಗ ಬರ್ತೈತೇನ್ರಿ?” ಎಂದಳು. ಬೆರಳು ನನ್ನ ಕೋಟಿನ ಕಡೆಗೆ ಹೋಗಲಿಲ್ಲ. ಅದು ಅವಳ ದೊಡ್ಡ ಗುಣ. ರೋಣ, ಸವಡಿ ಕಡೆಯ ಹಳೆಯ ಶಾಸನಗಳನ್ನು ಓದುವಾಗ ನಾನು ಎಷ್ಟೋ ಸಲ ಗೊಣಗಿದ್ದೇನೆ. ರಾಜನ ಬಿರುದುಗಳೆಲ್ಲ ಮುಗಿಯುವ ತನಕ ಯಾರು ಯಾರಿಗೆ ಎಷ್ಟು ಮತ್ತರು ಭೂಮಿ ಕೊಟ್ಟರು ಎಂಬುದು ತಿಳಿಯುವುದಿಲ್ಲ. ಕಲ್ಲಿಗಾದರೆ ಹೊರುವ ಶಕ್ತಿ ಇದೆ. ನಾನು ಅದೇ ಠೀವಿಯನ್ನು ಟೆಲಿಫೋನ್ ತಂತಿಯ ಮೇಲೆ ಹೇರಿದ್ದೆ.

“ಅಕ್ಷರ ಅಷ್ಟ ಕಳಸ್ರಿ ಸರ. ಫಾಂಟ್ ನನ್ನ ಎರಡೂ ಮಷೀನಿನ್ಯಾಗ ಹಾಕೀನಿ. ರೋಣದ ಅಂಗಡಿಯವ್ರಿಗೂ ಹೇಳೀನಿ. ಮತ್ತ ಒಂದ ಪಾಠ ಐದ ತುಂಡ ಮಾಡ್ರಿ. ಲೈನ್ ಕಡದ್ರ ಒಂದ ತುಂಡ ಹೋಗ್ತೈತಿ, ಪಾಠ ಎಲ್ಲಾ ಹೋಗೂದಿಲ್ಲ.”

ಇಷ್ಟು ವಿಚಾರವನ್ನು ಯಾವ ತರಬೇತಿಯಲ್ಲೂ ನನಗೆ ಯಾರೂ ಹೇಳಿರಲಿಲ್ಲ. ಅವಳು ಹೇಳಿದ ರೀತಿಯೂ ಹಾಗೆ, ಐದು ಮಾತಿನಲ್ಲಿ ಮುಗಿಯಿತು. ಪಾಠ ಮಾಡುವುದು ನನ್ನ ಕೆಲಸವೆಂದು ತಿಳಿದಿದ್ದ ನನಗೆ, ಅದು ಇನ್ನೊಬ್ಬರ ಕೈಗೆ ಮುಟ್ಟುವ ತನಕ ಬರೀ ನನ್ನ ಕೆಲಸ, ಪಾಠವಲ್ಲವೆಂದು ಅಂದು ಅರ್ಥವಾಯಿತು. ಈ ಹೆಣ್ಣುಮಗಳ ಬಗ್ಗೆ ನನಗೆ ಇಂದಿಗೂ ಗೌರವ.

ವಾರವಿಡೀ ಕೂತು ಮತ್ತೆ ಟೈಪು ಮಾಡಿದೆ. ಶಮೀಮಬಾನು ಮುಶಿಗೇರಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಚೀಟಿ ಕಳಿಸಿ ನೀಲವ್ವನನ್ನು ಇನ್ನೊಮ್ಮೆ ಕರೆಸಿದಳು. ಸೋಮವಾರ ನಾನೂ ಹೋದೆ. ಮೊದಲ ತುಂಡು ಇಳಿಯಿತು. ನಂಬಿಕೆಯಾಗದೆ ಮೂವರೂ ಪರದೆಯ ಹತ್ತಿರ ಸರಿದೆವು. ಎರಡನೆಯದು ಬಂತು. ನಾಲ್ಕನೆಯದಕ್ಕೆ ಲೈನು ಕಡಿಯಿತು. ಶಮೀಮಬಾನು “ಬರ್ತೈತಿ ತಗೋ” ಎಂದು ಅದೊಂದನ್ನೇ ಮತ್ತೆ ಇಳಿಸಿದಳು. ಬಸ್ಸು ಇನ್ನೂ ಬಂದಿರಲಿಲ್ಲ, ಐದೂ ತುಂಡು ಪ್ರಿಂಟಾಗಿ ನೀಲವ್ವನ ಕೈಯಲ್ಲಿದ್ದವು.

ಅವಳು ಬಾಗಿಲ ಬೆಳಕಿಗೆ ನಿಂತು ಓದತೊಡಗಿದಳು. ನಾನು ಹೊಗಳಿಕೆಗೆ ಕಾಯುತ್ತ ಅತ್ತಿತ್ತ ನೋಡಿದೆ. ಅವಳ ಹುಬ್ಬು ಗಂಟಾಯಿತು. ಹಾಳೆ ಹಿಂದೆ ಮಗುಚಿದಳು, ಮುಂದೆ ಮಗುಚಿದಳು.

“ಸರ, ತಪ್ಪ ತಿಳಕೋಬ್ಯಾಡ್ರಿ. ಎರಡನೇ ತುಂಡಿನ್ಯಾಗ ಮಗ ರಾಜ್ಯ ಆಳಿ ಸತ್ತ ಮ್ಯಾಲ ಅಪ್ಪ ಹುಟ್ಯಾನಲ್ರಿ?”

ನೋಡಿದೆ. ಹೌದು, ಇಸವಿಗಳು ಅದಲುಬದಲಾಗಿದ್ದವು. ಚಿತ್ರದ ಪಾಠದಲ್ಲೂ ಇದೇ ತಪ್ಪಿತ್ತು. ಅದನ್ನು ಇಂಟರ್‌ನೆಟ್ಟಿಗೆ ಹಾಕಿ ಎರಡು ವರ್ಷವಾಗಿತ್ತು, ಒಬ್ಬರೂ ಹೇಳಿರಲಿಲ್ಲ. ಹೇಳಬೇಕಾದರೆ ಓದಿರಬೇಕಲ್ಲ!

ಬಸ್ಸು ಬಂತು. ಅವಳು ಹಾಳೆಗಳನ್ನು ಎದೆಗವಚಿಕೊಂಡು ಮೆಟ್ಟಿಲಿಳಿದವಳು ತಿರುಗಿ ನಿಂತಳು.

“ಸರ, ಪರೀಕ್ಷಾದಾಗ ನಿಮ್ಮದನ್ನ ಬರೀಲ್ಯೋ, ಖರೇದನ್ನ ಬರೀಲ್ಯೋ?”