ದಲ್ಲಾಳಿ ಬಿಟ್ಟುಹೋಗುವ ಹಗ್ಗ

ದನದ ದಲ್ಲಾಳಿಗೆ ಯಾರೂ ಹೇಳಿಕಳಿಸಬೇಕಾಗಿಲ್ಲ. ಊರಿನಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಸಾಕು, ಡಾಕ್ಟರಿಗಿಂತ ಮೊದಲು ಅವನ ಚಪ್ಪಲಿ ಆ ಮನೆಯ ಬಾಗಿಲಲ್ಲಿರುತ್ತದೆ. ಕೆಮ್ಮು ಕೇಳಿಯೇ ಯಾವ ಕೊಟ್ಟಿಗೆ ಯಾವ ವಾರ ಖಾಲಿಯಾಗುತ್ತದೆಂದು ಹೇಳಬಲ್ಲನಂತೆ. ಬಂದವನು ಹಸುವಿನ ಕಡೆ ತಿರುಗಿಯೂ ನೋಡುವುದಿಲ್ಲ; ರೋಗಿಯ ಕಾಲ ಬಳಿ ಕೂತು, ಕೊಟ್ಟ ನೀರು ಕುಡಿದು, ಗೋಡೆಯಾಚೆ ಅದು ಮೆಲುಕು ಹಾಕುವ ಸದ್ದಿನಿಂದಲೇ ವಯಸ್ಸು ಅಂದಾಜು ಮಾಡುತ್ತಾನೆ. "ಮನುಷ್ಯ ಉಳೀಲಿ ಕಣಮ್ಮಾ, ದನ ಇವತ್ತಲ್ಲ ನಾಳೆ ಕಟ್ಕೋಬಹುದು" ಎನ್ನುತ್ತಾನೆ. ಮನೆಯವಳು ಕೊಟ್ಟಿಗೆಯ ಕಡೆ ಮುಖ ತಿರುಗಿಸಿದಳೆಂದರೆ ವ್ಯಾಪಾರ ಕುದುರಿತೆಂದೇ ಅರ್ಥ. ಅಷ್ಟು ದಿನ ಮನೆಮಂದಿಯ ಹೊಟ್ಟೆ ಹೊರೆದ ಹಸುವನ್ನು ಹೊಡೆದುಕೊಂಡು ಹೋಗುವಾಗ ಅವನದೊಂದು ಪದ್ಧತಿಯಿದೆ. ತಾನು ತಂದ ಹೊಸ ಹಗ್ಗ ಕಟ್ಟಿ, ಹಳೆಯದನ್ನು ಗೂಟದಲ್ಲೇ ಬಿಡುತ್ತಾನೆ. "ಇರ್ಲಿ, ಮುಂದಿನದಕ್ಕೆ ಬೇಕಾಗುತ್ತೆ." ಆ ಹಗ್ಗಗಳಲ್ಲಿ ಇನ್ನೊಂದು ಹಸು ಕಟ್ಟಿದ್ದನ್ನು ಅವನು ಈವರೆಗೆ ಕಂಡಿಲ್ಲ. ಹಾಲು ನಿಂತ ಮನೆಯವರು ಕೂಲಿಗೆ ಹೋಗುತ್ತಾರೆ, ಹಗ್ಗ ಸೌದೆಯ ಹೊರೆ ಕಟ್ಟುತ್ತದೆ, ಇಲ್ಲವೇ ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತದೆ. ಅವನ ಹಿತ್ತಲಲ್ಲೂ ಅಂಥದ್ದೊಂದಿದೆ. ಅವನಪ್ಪ ಕಾಲು ಮುರಿದುಕೊಂಡ ವರ್ಷ ಬಂದಿದ್ದ ಇನ್ನೊಬ್ಬ ದಲ್ಲಾಳಿ, ಇದೇ ಮಾತು ಹೇಳಿ ಬಿಟ್ಟುಹೋದದ್ದು. ಅದರ ತುದಿಯಲ್ಲಿ ಹಸುವಿನ ಕೊರಳಿನಷ್ಟು ದೊಡ್ಡ ಕುಣಿಕೆ ಹಾಗೇ ಇದೆ. ಬಟ್ಟೆ ಹರವಲು ಜಾಗ ಸಾಲದೆ ಹೆಂಡತಿ ಅದನ್ನು ಬಿಚ್ಚಲು ಕೈಹಾಕಿದಾಗಲೆಲ್ಲ, ಊರಿನ ಕೊಟ್ಟಿಗೆಗಳನ್ನೆಲ್ಲ ಬರಿದು ಮಾಡಿದವನು ಒಳಗಿನಿಂದಲೇ ಹೇಳುತ್ತಾನೆ: "ಅದೊಂದನ್ನ ಬಿಡು, ಮುಂದಿನದಕ್ಕೆ ಬೇಕಾಗುತ್ತೆ."