ನೀರು ಬೇಡವೆಂದ ಕಸ್ತೂರಿ ಮೇಡಂ

ಕಸ್ತೂರಿ ಮೇಡಂ ಹೊಸಬರನ್ನು ಕಂಡರೆ ಮೊದಲು ಮುಖ ನೋಡುತ್ತಿರಲಿಲ್ಲ, ಎದೆಯ ಏರಿಳಿತ ನೋಡುತ್ತಿದ್ದರು. ವಿಶ್ವವಿದ್ಯಾಲಯದ ಕ್ರೀಡಾ ವಿಜ್ಞಾನ ವಿಭಾಗಕ್ಕೆ ಸೇರಿದ ದಿನ ನಾನು ಮೆಟ್ಟಿಲು ಹತ್ತಿ ಅವರೆದುರು ನಿಂತರೆ, ಹೆಸರು ಕೇಳುವ ಮೊದಲೇ, “ಬಾಯಿಲೆ ಉಸರ ತಗೋತಿ. ಮೂಗು ಬರೇ ಮೂಗುತಿಗೇನು?” ಎಂದಿದ್ದರು.

ಹಲಸಂಗಿ ಊರಿನವರು. ಸಣ್ಣ ಮೈ, ಗಟ್ಟಿ ದನಿ, ಹತ್ತಿ ಸೀರೆಯ ಕೆಳಗೆ ಓಟದ ಬೂಟು. ತಾಸುಗಟ್ಟಲೆ ಓಡುವವರ ದೇಹದೊಳಗೆ ಏನೇನು ನಡೆಯುತ್ತದೆ ಎಂಬುದೇ ಅವರು ಕಲಿಸುತ್ತಿದ್ದ ವಿಷಯ. ನಮ್ಮ ಮುಖಕ್ಕೆ ಮುಸುಕು ಬಿಗಿದು, ಯಂತ್ರದ ಮೇಲೆ ಓಡಿಸಿ ಉಸಿರು ಅಳೆಯುವರು. ಶುರುವಿಗೇ ಜೋರು ಮಾಡಿದರೆ, “ಸಂತಿಗೆ ಹೊಂಟಾಂವ ಊರ ಅಗಸಿ ಬಾಗಲದಾಗ ಎತ್ತು ದಣಸ್ತಾನೇನು?” ಎಂದು ಗದರುವರು.

ಅವರ ಹೆಸರು ನಮ್ಮ ಸೀಮೆಯಲ್ಲೆಲ್ಲ ಹರಡಿದ್ದು ಒಂದೇ ಒಂದು ಬೆಳಗಿನಿಂದ.

ಅಂದು ಬಸವನ ಬಾಗೇವಾಡಿಯಿಂದ ಮನಗೂಳಿಗೆ ಹೋಗಿ ತಿರುಗಿ ಬರುವ ಓಟ. ನನ್ನ ಗೆಳತಿ ಶೈಲಾ ಎಲ್ಲರಿಗಿಂತ ಹಿಂದಿದ್ದಳು. ಅವಳ ಅಪ್ಪ ಶಿವಪ್ಪ ಆಲಮೇಲದಿಂದ ಬಂದಿದ್ದ. ಮಗಳ ಹಿಂದೆಯೇ ಬೈಕಿನಲ್ಲಿ ಬರುತ್ತ, ಸಿಕ್ಕ ಸಿಕ್ಕಲ್ಲಿ ನಿಲ್ಲಿಸಿ, “ಕುಡಿ ನನ್ನವ್ವಾ, ಬಿಸಲ ಏರಾಕತ್ತೈತಿ” ಎಂದು ನೀರು ಕುಡಿಸುತ್ತಿದ್ದ. ಅಪ್ಪನ ಮನಸ್ಸು ನೋಯಬಾರದೆಂದು ಅವಳೂ ಕುಡಿದಳು.

ಓಟ ಮುಗಿಸಿದ ನಾನು ಮೇಡಂ ಜೊತೆ ಜೀಪಿನಲ್ಲಿ ಅವಳನ್ನು ಕರೆತರಲು ಹೋದೆ. ರಸ್ತೆಯ ಬದಿ, ಬೇವಿನ ಗಿಡದ ಕೆಳಗೆ ಶೈಲಾ ವಾಂತಿ ಮಾಡಿಕೊಂಡು ಕುಸಿದು ಕೂತಿದ್ದಳು. ನನ್ನನ್ನು ನೋಡಿ “ಅವ್ವಾ” ಎಂದಳು. ನನ್ನ ಗುರುತೇ ಅವಳಿಗೆ ಹತ್ತಿರಲಿಲ್ಲ. ಮೇಡಂ ಮಂಡಿಯೂರಿ ಅವಳ ಬಳೆ ಸರಿಸಲು ನೋಡಿದರು. ಮುಂಜಾನೆ ಗಲಗಲ ಆಡುತ್ತಿದ್ದ ಬಳೆಗಳು ಈಗ ಊದಿದ ಮುಂಗೈಯನ್ನು ಕಚ್ಚಿ ಹಿಡಿದಿದ್ದವು.

ಅಷ್ಟರಲ್ಲಿ ಶಿವಪ್ಪ ಮಗಳ ತುಟಿಗೆ ಬಾಟಲಿ ತಂದ. ಮೇಡಂ ಅದನ್ನು ಕಸಿದು ನೆಲಕ್ಕೆ ಚೆಲ್ಲಿಬಿಟ್ಟರು.

“ಒಂದು ಹನಿ ಸೈತ ಕೊಡಬ್ಯಾಡ್ರಿ.”

“ಏ ಹೆಣಮಗಳ, ನೀ ಮನಷ್ಯಾಳೇನು? ಸಾಯೋರ ಬಾಯಾಗೂ ನೀರ ಬಿಡ್ತಾರ!”

“ಸಾಯಬಾರದಂತನ ಬ್ಯಾಡ ಅನ್ನಾಕತ್ತೇನಿ, ಯಣ್ಣಾ. ಮೊದಲ ಜೀಪಿಗೆ ಎತ್ರಿ.”

ಹೊಲದಲ್ಲಿದ್ದವರು, ಬಸ್ಸಿನಿಂದ ಇಳಿದವರು ಸುತ್ತ ಮುತ್ತಿಕೊಂಡರು. ಯಾರೋ ಮೇಡಂ ಅವರ ತೋಳು ಹಿಡಿದು ಜಗ್ಗಿದರು. ಒಬ್ಬ ಮೊಬೈಲು ಎತ್ತಿ ಹಿಡಿದ. ಮೇಡಂ ಮಾತ್ರ ತೊಡೆಯ ಮೇಲೆ ಇಟ್ಟುಕೊಂಡ ಶೈಲಾಳ ತಲೆಯನ್ನು ಇಳಿಸಲಿಲ್ಲ. ಕೊನೆಗೆ ಶಿವಪ್ಪನೂ ನಾವೂ ಸೇರಿ ಅವಳನ್ನು ಜೀಪಿಗೆ ಎತ್ತಿ ಹೊರಟೆವು; ಸ್ವಲ್ಪ ಹೊತ್ತಿಗೆ ಅವಳಿಗೆ ಫಿಟ್ಸ್ ಬಂತು. ಹಲ್ಲು ಕಚ್ಚಿಕೊಂಡವು, ಕಣ್ಣು ಮೇಲಾದವು. ಶಿವಪ್ಪ ಹಣೆ ಹಣೆ ಬಡಿದುಕೊಂಡ.

ಆಸ್ಪತ್ರೆಯಲ್ಲಿ ನರ್ಸು ಸಲಾಯಿನ್ ಹಚ್ಚಲು ಸಿದ್ಧಳಾಗಿದ್ದಳು. ಮೇಡಂ ಡಾಕ್ಟರನ್ನು ಪಕ್ಕಕ್ಕೆ ಕರೆದು, ತಗ್ಗಿದ ದನಿಯಲ್ಲಿ, “ಮೊದಲ ರಕ್ತದಾಗಿನ ಉಪ್ಪಿನ ಅಂಶ ನೋಡ್ರಿ. ನೀರ ಹೆಚ್ಚಾಗಿ ಮಿದುಳು ಬಾತಿರಬೇಕು” ಎಂದರು. ಡಾಕ್ಟರು ಅವರ ಮುಖ ನೋಡಿದರು, ಬಳೆ ನೋಡಿದರು, ರಕ್ತ ತೆಗೆಸಿದರು.

ಬಾಗಿಲ ಹೊರಗೆ ಕಾಯುವಾಗ ಮೇಡಂ ಬೂಟಿನ ದಾರವನ್ನು ಬಿಚ್ಚುವುದು, ಮತ್ತೆ ಕಟ್ಟುವುದು ಮಾಡುತ್ತಿದ್ದರು.

“ನಿಮಗ ಖಾತ್ರಿ ಐತೇನ್ರಿ?” ಎಂದೆ.

“ಇದ್ದಿದ್ರ ಈ ದಾರ ಯಾಕ ಬಿಚ್ಚಿ ಬಿಚ್ಚಿ ಕಟ್ಟತಿದ್ದೆ, ತಂಗಿ?”

ರಕ್ತದಲ್ಲಿ ಉಪ್ಪು ಪ್ರಾಣಕ್ಕೆ ಕುತ್ತು ಬರುವಷ್ಟು ಇಳಿದಿತ್ತು. ಗಟ್ಟಿ ಉಪ್ಪಿನ ಸಲಾಯಿನ್ನನ್ನು ಅಳೆದು ಅಳೆದು ಕೊಟ್ಟರು. ಮಧ್ಯಾಹ್ನ ಹೊರಳಿದ ಮೇಲೆ ಶೈಲಾ ಕಣ್ಣು ಬಿಟ್ಟು, “ಯಪ್ಪಾ, ನನ್ನ ಬೂಟ ಎಲ್ಲಿ?” ಎಂದಳು. ಶಿವಪ್ಪ ಗೋಡೆಗೆ ಮುಖ ಮಾಡಿ ಅತ್ತ. ಆಮೇಲೆ, ಏನಾಗಿತ್ತು ಎಂದು ಕೇಳಿದ.

“ರಕ್ತದಾಗ ಉಪ್ಪು ಕಡಿಮಿ ಬಿದ್ದಿತ್ತು. ಇನ್ನ ಆರಾಮ ಆಕ್ಕಾಳ” ಎಂದರು ಮೇಡಂ. ಅಷ್ಟೇ.

ಮರುದಿನದಿಂದ ಆ ವಿಡಿಯೋ ಸಿಂದಗಿ, ಮುದ್ದೇಬಿಹಾಳ ಎನ್ನದೆ ಎಲ್ಲರ ಮೊಬೈಲಿಗೆ ಬಂತು. ಅದರಲ್ಲಿದ್ದದ್ದು ಬಿದ್ದ ಹುಡುಗಿ, ನೀರು ಹಿಡಿದ ಅಪ್ಪ, ಅದನ್ನು ಚೆಲ್ಲುವ ಮೇಡಂ. ಆಸ್ಪತ್ರೆಯ ಸಂಗತಿ ಇರಲಿಲ್ಲ. ‘ನೀರ ಚೆಲ್ಲಿದಾಕಿ’ ಎಂಬ ಹೆಸರು ಬಿತ್ತು. ತಾಯಂದಿರು ಬಂದು ಮಕ್ಕಳನ್ನು ಓಟದಿಂದ ಬಿಡಿಸಿಕೊಂಡು ಹೋದರು. ಮೇಡಂ ಯಾರಿಗೂ ಜವಾಬು ಕೊಡಲಿಲ್ಲ. ತರಗತಿಯಲ್ಲಿ ಮಾತ್ರ, ಯಾರ ಹೆಸರೂ ಎತ್ತದೆ, “ನೀರಡಿಕಿ ಆದಾಗ ಕುಡೀರಿ. ಒತ್ತಾಯಕ್ಕ ಕುಡೀಬ್ಯಾಡ್ರಿ” ಎಂದು ಮತ್ತೆ ಮತ್ತೆ ಹೇಳಿದರು. ವರ್ಷ ತುಂಬುವುದರೊಳಗೆ ದೂರದ ಬೇರೊಂದು ವಿಶ್ವವಿದ್ಯಾಲಯಕ್ಕೆ ಹೊರಟು ನಿಂತರು.

ಅವರೂರಿಗೆ ಹತ್ತಿರದ ಇಂಡಿ ಬಸ್‌ ನಿಲ್ದಾಣದಲ್ಲಿ ಬೀಳ್ಕೊಡಲು ಹೋದಾಗ ನನಗೆ ತಡೆಯಲಾಗಲಿಲ್ಲ.

“ಖರೇ ಏನಾತು ಅಂತ ಒಂದು ಮಾತು ಮಂದಿಗೆ ಹೇಳಬೇಕಿತ್ರಿ, ಮೇಡಂ.”

“ಹೇಳಿದ್ರ, ಆ ನೀರ ಕುಡಿಸಿದಾಂವ ಯಾರು ಅಂತ ಕೇಳತಿದ್ರಲ್ಲ” ಎಂದರು. “ಹೆತ್ತ ಮಗಳನ್ನ ತಾನ ಕೊಲ್ಲಾಕ ಹತ್ತಿದ್ದೆ ಅಂತ ತಿಳದ್ರ ಅಂವ ಹೆಂಗ ಬದಕತಾನ? ನನಗ ಬೈದ್ರ ಬೈಲಿ ಬಿಡು.”

ಬಸ್ಸು ಬಂತು. ಬ್ಯಾಗು ಹೆಗಲಿಗೇರಿಸಿ ಹತ್ತಿ ಹೋದರು. ಆಮೇಲೆ ನಾನು ಅವರನ್ನು ಕಂಡಿಲ್ಲ.

ಈಗ ನಾನು ಮುದ್ದೇಬಿಹಾಳದ ಸಾಲೆಯೊಂದರಲ್ಲಿ ಮಕ್ಕಳನ್ನು ಓಡಿಸುತ್ತೇನೆ. ಶೈಲಾ ಇನ್ನೂ ಓಡುತ್ತಾಳೆ. ಶಿವಪ್ಪ ಸಿಕ್ಕಾಗಲೆಲ್ಲ, “ನಿಮ್ಮ ಮೇಡಂ ಶಾಣ್ಯಾಕಿ ಖರೆ, ಆದ್ರ ಅವತ್ತ ನೀರ ಚೆಲ್ಲಬಾರದಿತ್ತು ನೋಡು” ಎನ್ನುತ್ತಾನೆ.

“ಹೌದ್ರಿ ಕಾಕಾ” ಎನ್ನುತ್ತೇನೆ.