ಬದುವಿನೊಳಗೆ ಸಿಕ್ಕಿದ ನಾಯಿ

ಮಕ್ಕಳೇ, ನನ್ನ ಮಾವನವರ ಜೊತೆ ನಾನು ಮೊದಲ ಸಲ ನೇರವಾಗಿ ಮಾತಾಡಿದ್ದು ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ. ಅದೂ ಒಂದು ನಾಯಿಗಾಗಿ. ಅವರೇನೂ ಕೆಟ್ಟವರಲ್ಲ, ಎಪ್ಪತ್ತರ ದಶಕದಲ್ಲೂ ನಮ್ಮ ಮನೆಯ ಪದ್ಧತಿ ಹಾಗೇ ಇತ್ತು. ಅವರು ಪಡಸಾಲೆಗೆ ಬಂದರೆ ನಾನು ಸೆರಗೆಳೆದುಕೊಂಡು ಒಳಗೆ ಸರಿಯುತ್ತಿದ್ದೆ. ಏನಾದರೂ ಹೇಳುವುದಿದ್ದರೆ ಅತ್ತೆಗೆ ಹೇಳಬೇಕು, ಅತ್ತೆ ಅವರಿಗೆ ಹೇಳಬೇಕು. ಅವರೂ ಅಷ್ಟೇ. ನಾನು ಬಾಗಿಲ ಹಿಂದೆಯೇ ನಿಂತಿದ್ದರೂ "ಅವ್ಳಿಗೆ ನೀರು ಕೊಡಾಕೆ ಹೇಳು" ಎಂದು ಅತ್ತೆಗೆ ಹೇಳುತ್ತಿದ್ದರು.

ನಾಯಿ ಬಂದದ್ದು ಹೊನ್ನಾಳಿಯಿಂದ. ಅಲ್ಲಿದ್ದ ಒಬ್ಬ ಇಂಜಿನಿಯರು ವರ್ಗವಾಗಿ ಹೋಗುವಾಗ ನಿಮ್ಮಜ್ಜನಿಗೆ ಕೊಟ್ಟರು. ಟೆರಿಯರ್ ಜಾತಿಯದು, ಅದರಲ್ಲೂ ಅಪರೂಪದ ತಳಿ, ಬಿಲಕ್ಕೆ ನುಗ್ಗಿ ಬೇಟೆಯಾಡುವುದಕ್ಕೆಂದೇ ಹೊರದೇಶದಲ್ಲಿ ಸಾಕುತ್ತಾರೆ ಎಂದಿದ್ದರಂತೆ. ತಳಿಯ ಪೂರ್ತಿ ಹೆಸರು ನಮ್ಮ ಯಾರ ಬಾಯಿಗೂ ಹತ್ತಲಿಲ್ಲ. ನನ್ನ ತವರು ಜಗಳೂರು ಕಡೆ. ಕುರಿಹಟ್ಟಿಯಲ್ಲಿ ತೋಳ ಅಟ್ಟುವ ನಾಯಿಗಳನ್ನು ನೋಡಿ ಬೆಳೆದವಳು ನಾನು. ಇದು ಕೈಚೀಲದಲ್ಲಿ ಕೂರುವಷ್ಟಿತ್ತು. ಒರಟು ಬಿಳಿ ಕೂದಲು, ಮೋಟುಕಾಲು, ಮುದುಕರಂಥ ಗಡ್ಡ. "ಇದೇನು ನಾಯಿಯೋ, ಪಾತ್ರೆ ತಿಕ್ಕೋ ನಾರೋ" ಎಂದರು ಅತ್ತೆ.

ತ್ಯಾವಣಿಗೆ ಹತ್ತಿರದ ನಮ್ಮ ಗದ್ದೆಗೆ ನಾಲೆಯ ನೀರು. ಬದುಗಳ ತುಂಬ ಹೆಗ್ಗಣ. ಆ ಬಿಲಗಳಿಗೆ ನುಗ್ಗಿ ನಾಯಿ ಹೆಗ್ಗಣದ ಕುತ್ತಿಗೆ ಹಿಡಿದು ಕೊಡವಿ ಬಿಸಾಡುತ್ತಿತ್ತು. ಆದರೆ ಒಂದನ್ನೂ ತಿನ್ನುತ್ತಿರಲಿಲ್ಲ. ನಮ್ಮದು ಲಿಂಗಪೂಜೆಯ ಮನೆ, ಅತ್ತೆಗೆ ಅದೊಂದು ಸಮಾಧಾನ. "ಕೊಲ್ಲೋದು ಅದರ ಹಣೆಬರ. ತಿನ್ನಂಗಿಲ್ಲಲ್ಲ, ನಮ್ಮ ಮನೇದೇ ಬಿಡು" ಎನ್ನುತ್ತಿದ್ದರು.

ಅದರ ಆರೈಕೆ ನನ್ನದು. ಬಿಲದಿಂದ ಬಂದಾಗ ಕಣ್ಣಿನ ಮಣ್ಣನ್ನು ಉಪ್ಪುನೀರಿನ ಬಟ್ಟೆಯಲ್ಲಿ ಒರೆಸಬೇಕು, ಹೆಗ್ಗಣ ಕಚ್ಚಿದ ಮೂತಿಗೆ ಅರಿಶಿನ ಹಚ್ಚಬೇಕು, ಕಿವಿಯ ಉಣ್ಣೆಹುಳ ಕೀಳಬೇಕು. ಮಾತು ಕಡಿಮೆಯಿದ್ದ ನನಗೆ ಅದರ ದನಿಗಳೆಲ್ಲ ಪರಿಚಯವಾದವು. ಹೆಗ್ಗಣ ಎದುರಾದಾಗ ಬೊಗಳುವುದು ಬೇರೆ. ಎಲ್ಲಾದರೂ ಸಿಕ್ಕಿಕೊಂಡಾಗ ಸಣ್ಣಗೆ ಕುಂಯ್ ಎನ್ನುವುದು ಬೇರೆ.

ಆ ದಿನ ನಿಮ್ಮಜ್ಜ ನ್ಯಾಮತಿಗೆ ಹೋಗಿದ್ದರು. ಮಧ್ಯಾಹ್ನ ನಮ್ಮ ಪಾಳಿಯ ನೀರು ಬರುವುದಿತ್ತು. ಭತ್ತ ಹೊಡೆಯಲ್ಲಿತ್ತು, ತೆನೆ ಹೊರಡುವ ಹೊತ್ತು, ಈ ನೀರು ತಪ್ಪುವಂತಿರಲಿಲ್ಲ. ಬಿಲಗಳಿದ್ದರೆ ನೀರು ಸೋರಿ ಹಳ್ಳದ ಪಾಲಾಗುತ್ತದೆಂದು ಮಾವನವರು ತಾವೇ ನಾಯಿ ಕರೆದುಕೊಂಡು ಹೋಗಿದ್ದರು. ನಾನು ಬುತ್ತಿ ಹೊತ್ತು ಹೋದಾಗ ಅವರೂ ಇಬ್ಬರು ಆಳುಗಳೂ ಬದುವಿಗೆ ಮಣ್ಣು ಮೆತ್ತುತ್ತಿದ್ದರು. ಕಳೆ ಕೀಳುವ ಅಜ್ಜಿ ಮಣ್ಣು ಕಲಸಿ ಕೊಡುತ್ತಿದ್ದಳು.

"ನಾಯಿ ಎಲ್ಲೈತಜ್ಜಿ?" ಎಂದೆ.

"ಒಳಗೋಗಿ ಬಾಳ ಹೊತ್ತಾತು ತಾಯಿ. ಆಗ ಬೊಗಳ್ತಿತ್ತು. ಈಗ ಸುಮ್ಮನಾಗೈತೆ."

ಬದುವಿನುದ್ದಕ್ಕೂ ನೋಡಿದೆ. ನಾಯಿ ಹೊಕ್ಕ ಬಾಯಿಯೊಂದನ್ನು ಬಿಟ್ಟು ಉಳಿದ ಬಿಲದ ಬಾಯಿಗಳಿಗೆಲ್ಲ ಹಸಿಮಣ್ಣು ಬಡಿದಿದ್ದರು. ಹೆಗ್ಗಣಕ್ಕೆ ಹೊಗೆ ಹಾಕುವಾಗ ಹಾಗೆ ಮಾಡುತ್ತಾರೆ. ಮಾವನವರ ಕೈಗೆ ಅದೇ ರೂಢಿ. ಆದರೆ ಈ ನಾಯಿ ಒಳಗೆ ಕೆದರುತ್ತಾ ಮಣ್ಣನ್ನು ಹಿಂದಕ್ಕೆ ಎಸೆದು, ಬಂದ ದಾರಿಯನ್ನು ತಾನೇ ಮುಚ್ಚಿಕೊಳ್ಳುತ್ತಿತ್ತು. ಗಾಳಿಗೆಂದು ನಿಮ್ಮಜ್ಜ ಬೇರೆ ಬಾಯಿಗಳನ್ನು ಯಾವತ್ತೂ ಮುಚ್ಚುತ್ತಿರಲಿಲ್ಲ.

"ಅಜ್ಜಿ, ಬಾಯಿ ಎಲ್ಲಾ ಬಿಚ್ಚಬೇಕು ಅಂತ ಮಾವಾರಿಗೆ ಹೇಳು. ಅದಕ್ಕೆ ಉಸಿರು ಸಿಗಲ್ಲ."

ಮಾವನವರು ತಲೆಯೆತ್ತದೆ ಅಜ್ಜಿಗೆ ಹೇಳಿದರು: "ನೀರು ಬರೋ ಹೊತ್ನಾಗೆ ಬಿಚ್ಚಾಕೆ ಆಗತೈತಾ ಕೇಳವ್ಳನ್ನ. ನಾಯಿ ಆ ಕಡೆಯಿಂದ ಹೊರಬಿದ್ದು ಮನೆ ಸೇರಿರತೈತೆ."

"ಮನೆಗೆ ಬಂದಿಲ್ಲ ಅನ್ನು. ದಾರೀಲೂ ಕಾಣಲಿಲ್ಲ ಅನ್ನು."

ಅಜ್ಜಿ ಮಣ್ಣಿನ ಕೈ ಸೊಂಟಕ್ಕಿಟ್ಟಳು. "ಇಬ್ರಿಗೂ ಕಿವಿ ಚೆನ್ನಾಗೇ ಕೇಳತೈತೆ. ನಾನ್ಯಾಕ್ರೀ ನಡುವೆ?"

ಒಬ್ಬ ಆಳು ಕಿಸಕ್ಕನೆ ನಕ್ಕ. ಮಾವನವರು ನೋಡಿದ ನೋಟಕ್ಕೆ ಬಾಯಿ ಮುಚ್ಚಿದ. ಅಷ್ಟರಲ್ಲಿ ಮೇಲಿನ ಗದ್ದೆಯಿಂದ ನೀರುಗಂಟಿ ಕೂಗಿದ: "ಬಿಟ್ಟೆ ನೋಡ್ರೀ, ನಿಮ್ಮ ಪಾಳಿ."

ನೀರು ಬದುವಿಗೆ ತಾಗಿದರೆ ಮೊದಲು ತುಂಬುವುದೇ ಬಿಲಗಳು. ನಾನು ಬುತ್ತಿ ಇಳಿಸಿ ಬದುವಿನ ಮೇಲೆ ಬೋರಲು ಬಿದ್ದು ನೆಲಕ್ಕೆ ಕಿವಿ ಕೊಟ್ಟೆ. ಸೆರಗು ಎಲ್ಲಿತ್ತೋ ಗೊತ್ತಿಲ್ಲ. ಗಂಡಸರ ಎದುರಿಗೆ ಹಾಗೆ ಮಲಗಿದವಳು ನಾನೇನಾ ಎಂದು ಈಗಲೂ ಅನಿಸುತ್ತದೆ. ಗುದ್ದಲಿಯ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ. ನಿಲ್ಲಿಸಿ ಎಂದು ಕೈಯೆತ್ತಿದೆ. ಸದ್ದು ನಿಂತಿತು. ತೆವಳುತ್ತಾ ಮುಂದೆ ಹೋದೆ. ಬದು ಅಗಲವಾಗಿದ್ದ ಕಡೆ, ಬಹಳ ಕೆಳಗೆ, ಕುಂಯ್ ಎಂದಿತು. ಆಮೇಲೆ ಇಲ್ಲ.

"ಮಾವಾರೇ, ಇಲ್ಲೈತೆ. ಇಲ್ಲಿ ಅಗೀರಿ."

ಮಾವನವರು ಕಾಲುವೆ ನೋಡಿದರು. ಕಸಕಡ್ಡಿ ತಳ್ಳಿಕೊಂಡು ನೀರು ಬರುತ್ತಿತ್ತು. ಅಲ್ಲಿ ಬದು ಕಡಿದರೆ ಪಾಳಿಯ ನೀರೆಲ್ಲ ಹಳ್ಳಕ್ಕೆ. ಭತ್ತದ ಕಡೆ ಒಮ್ಮೆ ನೋಡಿ, ಪಂಚೆ ಮೇಲಕ್ಕೆ ಕಟ್ಟಿ, ಆಳಿನ ಕೈಯಿಂದ ಗುದ್ದಲಿ ಕಿತ್ತುಕೊಂಡರು.

ಮೊಳದಷ್ಟು ಇಳಿದ ಮೇಲೆ ನಾನು, "ಗುದ್ದಲಿ ಬ್ಯಾಡ್ರಿ, ತಗಲತೈತೆ" ಎಂದೆ. ಅವರು ಮಂಡಿಯೂರಿ ಕೈಯಲ್ಲೇ ಬಗೆದರು. ನೀರು ಬಂದು ಗುಂಡಿಗೆ ನುಗ್ಗಿತು. ಕೆಸರಿನಲ್ಲಿ ಭುಜದವರೆಗೆ ಕೈ ತೂರಿದೆ. ಒರಟು ಕೂದಲು ಸಿಕ್ಕಿತು. ಹಿಂಗಾಲು ಹಿಡಿದು ಎಳೆದೆ. ಬಂದದ್ದು ನಾಯಿಯಲ್ಲ, ಮಣ್ಣಿನ ಮುದ್ದೆ. ಬಾಯೊಳಗೆ ಬೆರಳು ಹಾಕಿ ಮಣ್ಣು ತೆಗೆದೆ, ಮೂಗು ಒರೆಸಿದೆ, ಮಗುವಿನಂತೆ ತಲೆಕೆಳಗು ಹಿಡಿದು ಬೆನ್ನು ತಟ್ಟಿದೆ.

"ಉಸಿರೈತಾ?" ಎಂದರು ಮಾವನವರು. ನನ್ನನ್ನೇ ಕೇಳಿದ್ದು.

ಹೊಟ್ಟೆಯ ಮೇಲೆ ಕೈಯಿಟ್ಟು ಕಾದೆ. ಒಂದು ಸೀನು ಬಂತು.

"ಐತ್ರಿ" ಎಂದೆ.

ನೀರು ಹಳ್ಳಕ್ಕೆ ಹರಿಯಿತು. ಆ ತುಂಡಿನ ಭತ್ತ ಅರ್ಧ ಜೊಳ್ಳಾಯಿತು. ಪಾಳಿ ಯಾಕೆ ತಪ್ಪಿತೆಂದು ಅತ್ತೆ ಕೇಳಿದಾಗ ಮಾವನವರು, "ಬದು ಒಡೀತು" ಎಂದಷ್ಟೇ ಹೇಳಿ ಕೈ ತೊಳೆಯಲು ಎದ್ದರು.

ನಾಯಿ ಚೇತರಿಸಿಕೊಂಡಿತು. ಆದರೆ ಆಮೇಲೆ ನಾನು ಪಕ್ಕದಲ್ಲಿ ನಿಂತ ಹೊರತು ಯಾವ ಬಿಲಕ್ಕೂ ಮೂತಿ ಹಾಕಲಿಲ್ಲ, ನಿಮ್ಮಜ್ಜ ಕರೆದರೂ ಅಷ್ಟೇ. ಒಂದು ಬೆಳಿಗ್ಗೆ ಮಾವನವರು ಗುದ್ದಲಿ ಹಿಡಿದು ಅಡುಗೆಮನೆಯ ಬಾಗಿಲಿಗೇ ಬಂದರು. ಅತ್ತೆ ಮಜ್ಜಿಗೆ ಕಡೆಯುತ್ತಾ ಅಲ್ಲೇ ಕೂತಿದ್ದರು.

"ನಡಿಯವ್ವ, ನೀನು ಬರ್ದೆ ನಿನ್ನ ನಾಯಿ ಕಣದ ಮೇಟಿಕಂಬ ಬಿಟ್ಟು ಏಳವಲ್ದು" ಎಂದರು.

ಅತ್ತೆಯ ಕಡಗೋಲು ನಿಂತಿತು. ನಾನು ಕೈ ಒರೆಸಿಕೊಂಡು ಹೊರಟೆ.